ಸಾವಿನ ತೆರಿಗೆ ಮತ್ತು ಇಪ್ಪತ್ತು ಕುರಿ

ಸತ್ತವರ ಆಸ್ತಿಗೂ ಸರ್ಕಾರ ತೆರಿಗೆ ಹಾಕುತ್ತದೆ ಎಂಬ ಸುದ್ದಿ ನಮ್ಮ ಹಟ್ಟಿಗೆ ಬಂದ ದಿನ ಅತ್ತೆ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ನಕ್ಕಳು. "ಅಯ್ಯೋ ಶಿವನೇ, ಸತ್ತೋನ ತಾವ ವಸೂಲಿಗೆ ಯಾರು ಹೋಗ್ತಾರೆ ಕಣೆ?"

ಎಪ್ಪತ್ತರ ದಶಕದ ನಡುಭಾಗ. ಹೊಸದುರ್ಗದ ಕಡೆಯವಳಾದ ನಾನು ಜವನಗೊಂಡನಹಳ್ಳಿ ಹತ್ತಿರದ ಈ ಕುರಿಗಾಹಿಗಳ ಹಟ್ಟಿಗೆ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು. ಏಳನೇ ಕ್ಲಾಸು ಓದಿದ್ದೇನೆ ಎಂಬ ಹಮ್ಮು ಬೇರೆ. ಅತ್ತೆ ಮೂವತ್ತು ವರ್ಷದಿಂದ ಹಿರಿಯೂರಿನ ಸಾಹುಕಾರರ ಕುರಿ ಮೇಯಿಸುತ್ತಿದ್ದಳು. ಕೂಲಿ ಎಂದರೆ ವರ್ಷಕ್ಕಿಷ್ಟು ರಾಗಿ, ಒಂದು ಕಂಬಳಿ. ಆ ಕಂಬಳಿಯ ಉಣ್ಣೆಯನ್ನೂ ಅವಳೇ ನೂತಿರುತ್ತಿದ್ದಳು! ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮಲ್ಲಿ ಮನೆಗೊಂದು ಕಿವಿಗುರುತು. ಸಾಹುಕಾರರ ಕುರಿಗೆ ಎಡಗಿವಿಯಲ್ಲಿ ಒಂದು ಕಚ್ಚು, ನಮ್ಮ ಮನೆಯದಕ್ಕೆ ಬಲಗಿವಿಯಲ್ಲಿ ಎರಡು. ಕಿವಿ ಕತ್ತರಿಸಿ, ಗಾಯಕ್ಕೆ ಅರಿಶಿನ ಮೆತ್ತಿ, ಕತ್ತರಿಸಿದ ಚೂರನ್ನು ದೇವರ ಮುಂದಿಟ್ಟರೆ ಮುಗಿಯಿತು. ಆ ಕುರಿಯನ್ನು ಮಾರಬಹುದು, ದಾನ ಕೊಡಬಹುದು. ನಮ್ಮದಲ್ಲ ಎಂದು ಬಿಟ್ಟುಕೊಡುವ ಹಾಗಿಲ್ಲ. ಆದರೆ ನಮ್ಮ ಮನೆಗೆ ಗುರುತಿತ್ತು, ಕುರಿ ಇರಲಿಲ್ಲ. ಮಾವ ತೀರಿಕೊಂಡ ವರ್ಷವೇ ಕೊನೆಯದೂ ಮಾರಿಹೋಗಿತ್ತಂತೆ. ಆದರೂ ಅತ್ತೆ ಅಮಾವಾಸ್ಯೆಗೊಮ್ಮೆ ಗುರುತು ಹಾಕುವ ಚೂರಿಗೆ ಸಾಣೆ ಹಿಡಿದು ದೇವರ ಗೂಡಿನಲ್ಲಿಡುತ್ತಿದ್ದಳು. "ಕುರಿ ಇಲ್ದೋರಿಗೆ ಚೂರಿ ಯಾಕತ್ತೆ?" ಎಂದು ಕೇಳಿ ಒಮ್ಮೆ ಸರಿಯಾಗಿ ಬೈಸಿಕೊಂಡಿದ್ದೆ. ಸಾಯುವುದರೊಳಗೆ ನಮ್ಮ ಗುರುತಿನ ಒಂದಾದರೂ ಕುರಿ ದೊಡ್ಡಿಯಲ್ಲಿರಬೇಕು, ಅವಳ ಆಸೆ ಅಷ್ಟೇ.

ಹಿರೀ ಸಾಹುಕಾರರು ತೀರಿಕೊಂಡರು. ಹತ್ತಿ ಅಂಗಡಿಯ ಗಲ್ಲಾ ಬಿಟ್ಟು ಏಳದ, ಹಟ್ಟಿಯ ಕಟ್ಟಳೆ ಅರಿಯದ ಅವರ ಮಗ ಒಂದು ದಿನ ಜೀಪಿನಲ್ಲಿ ಧೂಳೆಬ್ಬಿಸಿಕೊಂಡು ಬಂದರು. ತಂದೆಯ ಜಮೀನು, ಮನೆ, ಕುರಿ ಎಲ್ಲದಕ್ಕೂ ತೆರಿಗೆ ಬೀಳುತ್ತದೆಂದು ವಕೀಲರು ಹೆದರಿಸಿದ್ದರಂತೆ.

"ಇಪ್ಪತ್ತು ಕುರಿ ನಿಮ್ದೇ ಅಂತ ಬರೆಸಿದೀನಿ. ತೆರಿಗೆ ಸಾಹೇಬ್ರು ಕೇಳಿದ್ರೆ ಹಂಗೇ ಹೇಳ್ರಿ. ಅವ್ರು ಹೋದ್ಮೇಲೆ ಹೊಡ್ಕಂಡು ಹೋಗ್ತೀವಿ."

"ಸುಳ್ಳು ಹೇಳಾಕೆ ನನ್ ಕೈಲಿ ಆಗಲ್ರಿ," ಎಂದಳು ಅತ್ತೆ. "ಕಿವೀಲಿ ನಿಮ್ ಗುರುತೈತೆ."

"ನಿಮ್ ಗುರುತೂ ಹಾಕ್ಕಳ್ರಿ, ಅದಕ್ಕೇನು!"

ಅತ್ತೆ ಮೂರು ಸಲ ಕೇಳಿದಳು. "ಹಾಕ್ಲೇನ್ರಿ? ನಿಮ್ ಬಾಯಲ್ಲೇ ಹೇಳ್ತಿದೀರಾ?"

"ಹಾಕ್ರಿ ಅಂದ್ನಲ್ಲ, ಬೇಗ ಹಾಕ್ರಿ!" ಎಂದು ಅವರು ಜೀಪು ಹತ್ತಿದರು.

ಆ ಮಧ್ಯಾಹ್ನದಷ್ಟು ನಾನು ಮತ್ತೆಂದೂ ನಕ್ಕಿಲ್ಲ. ನಾನು ಕುರಿಯ ತಲೆ ಹಿಡಿಯುವುದು, ಅತ್ತೆ ಕಿವಿ ಕತ್ತರಿಸುವುದು. ಒಂದು ಟಗರು ಗುಮ್ಮಿ ನನ್ನನ್ನು ಗೊಬ್ಬರದಲ್ಲಿ ಕೆಡವಿತು. ಅತ್ತೆ ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗದೆ ನಾನೂ ಎರಡನ್ನೂ ಮಾಡಿದೆ. ಇಬ್ಬರ ಮುಖದ ತುಂಬ ಅರಿಶಿನ.

ತೆರಿಗೆ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಬಂದರು. "ಎಡಗಿವಿ ಗುರುತು ಸಾಹುಕಾರರದಲ್ಲವೇನಮ್ಮ?"

"ಹಿಂದೆ ಅವರದು ಸ್ವಾಮಿ. ಈಗ ನಮ್ದು!" ಹಟ್ಟಿಗೆಲ್ಲ ಕೇಳುವ ಹಾಗೆ ಹೇಳಿದ ಅತ್ತೆ ಆಮೇಲೆ ಮೆಲ್ಲಗೆ ಕೇಳಿದಳು. "ನಾನು ಸತ್ರೆ ನಂಗೂ ತೆರಿಗೆ ಹಾಕ್ತೀರಾ?"

"ಇಷ್ಟಕ್ಕೆಲ್ಲ ಇಲ್ಲಮ್ಮ. ಅದು ದೊಡ್ಡ ಆಸ್ತಿಯವರಿಗೆ."

ಅತ್ತೆಯ ಮುಖ ಸಪ್ಪಗಾಯಿತು.

ಸಾಹೇಬರು ಹೋದ ನಾಲ್ಕನೇ ದಿನ ಕಿರೀ ಸಾಹುಕಾರರು ಕುರಿ ಹೊಡೆದುಕೊಂಡು ಹೋಗಲು ಬಂದರೆ ಹಟ್ಟಿಯ ಯಜಮಾನರು ಅಡ್ಡ ನಿಂತರು. "ದೇವ್ರ ಮುಂದೆ ಕಿವಿ ಚೂರು ಇಟ್ಟಾಯ್ತು. ಇನ್ನು ಮುಗೀತು ಬಿಡ್ರಿ."

ಸಾಹುಕಾರರು ಪೊಲೀಸು, ಕೋರ್ಟು ಎಂದು ಕೂಗಾಡಿದರು. ನನಗೆ ತಡೆಯಲಾಗಲಿಲ್ಲ. ಸೆರಗು ಬಿಗಿದು ಮುಂದೆ ಬಂದೆ. "ತೆರಿಗೆ ಸಾಹೇಬ್ರ ತಾವೇ ಹೋಗಾಣ ನಡೀರಿ. ಕುರಿ ನಂದು ಅಂತ ಅವ್ರ ಮುಂದೆ ಅನ್ರಿ, ಈಗ್ಲೇ ಬಿಡ್ತೀವಿ."

ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವರಂತೆ ನಿಂತುಬಿಟ್ಟರು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಆಗ ಅತ್ತೆ ದೊಡ್ಡಿಗೆ ಹೋಗಿ ಒಂದು ಮರಿಯನ್ನು ಎತ್ತಿಕೊಂಡು ಬಂದು ಅವರ ತೋಳಿಗೆ ಕೊಟ್ಟಳು. "ಬರಿಗೈಲಿ ಹೋಗಬಾರ್ದು. ನಿಮ್ಮನೆ ಹುಡುಗ್ರಿಗೆ ಆಡಾಕಾಗ್ತೈತೆ, ತಗಂಡ್ಹೋಗ್ರಿ." ಮೂವತ್ತು ವರ್ಷ ಅವರ ಮನೆ ಬಾಗಿಲಲ್ಲಿ ಕೈಯೊಡ್ಡಿ ಕಂಬಳಿ ಇಸಿದುಕೊಂಡವಳು! ಅವರು ಮರಿಯನ್ನು ಅವುಚಿಕೊಂಡೇ ಜೀಪು ಹತ್ತಿದರು. ನಮ್ಮ ಮನೆಯ ಎರಡು ಕಚ್ಚಿನ ಮರಿ ಜೀಪಿನೊಳಗಿಂದ ಅರಚುತ್ತ ಹಿರಿಯೂರಿಗೆ ಹೋಯಿತು.

ಉಳಿದ ಹತ್ತೊಂಬತ್ತರ ನಡುವೆ ಕುಕ್ಕರುಗಾಲಲ್ಲಿ ಕೂತು ಅತ್ತೆ ಒಂದೊಂದರ ಕಿವಿಯನ್ನೂ ಸವರಿದಳು.

"ಇನ್ನೂ ಬೆಳೆಸ್ಬೇಕು ಕಣೆ," ಎಂದಳು. "ಆ ಸಾಹೇಬ ತೆರಿಗೆಗೆ ಹುಡ್ಕಂಡು ಬರೋ ಹಂಗೆ ಸಾಯ್ಬೇಕು ನಾನು."