ಕಾಡಸಿದ್ದಪ್ಪನ ಚಕಮಕಿ

ಮಿರಜ ಸಂಸ್ಥಾನದ ಪೇಟೆಯಲ್ಲಿ ಬೆಲ್ಲ ಮಾರುತ್ತಿದ್ದ ಕಾಡಸಿದ್ದಪ್ಪನಿಗೆ ಕಡ್ಡಿಪೆಟ್ಟಿಗೆ ಕಂಡರೆ ಆಗುತ್ತಿರಲಿಲ್ಲ. ಅಜ್ಜನ ಕಾಲದ ಚಕಮಕಿ ಕಲ್ಲು, ಉಕ್ಕಿನ ತುಂಡು, ಕಿಡಿ ಹಿಡಿಯಲು ಸುಟ್ಟು ಕರಿ ಮಾಡಿದ ಅರಿವೆ, ಇಷ್ಟನ್ನು ಸೊಂಟದ ಚೀಲದಲ್ಲಿಟ್ಟುಕೊಂಡೇ ತಿರುಗುತ್ತಿದ್ದ. "ಇಪ್ಪತ್ತು ವರ್ಷಾತು, ನಮ್ಮ ಮನ್ಯಾಗ ಕಡ್ಡಿಪೆಟ್ಟಿಗಿ ಹೊಕ್ಕಿಲ್ಲ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಇಂಥ ಜಂಬ ನನಗೆ ಸೇರುವುದಿಲ್ಲ. ಆದರೆ ಮನುಷ್ಯ ಕೆಟ್ಟವನಲ್ಲ.

ಮಗಳು ಗುರುಶಾಂತವ್ವನನ್ನು ಸಾಂಗಲಿಯ ವ್ಯಾಪಾರಿ ಗುರುಬಸಪ್ಪನವರ ಮಗನಿಗೆ ಕೊಡುವ ಮಾತು ನಡೆದಿತ್ತು. ಹುಡುಗಿ ಒಪ್ಪಿಗೆಯಾಗಿದ್ದಳು, ಮನೆತನ ನೋಡುವುದಷ್ಟೇ ಉಳಿದಿತ್ತು. ಕಾಡಸಿದ್ದಪ್ಪ ಗಂಡಿನ ತಂದೆತಾಯಿಯನ್ನು ಬೇಡಗ ಊರಿನ ತನ್ನ ಹೊಲಕ್ಕೆ ಸೀತನಿ ತಿನ್ನಲು ಕರೆದ. ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ಅಂಗೈಯಲ್ಲಿ ತಿಕ್ಕಿ ತಿನ್ನುವ ಸುಖ ಹೊಲದಲ್ಲೇ ಸಿಗಬೇಕು.

ಗುಂಡಿ ತೋಡಿ ಕುಳ್ಳು ಒಟ್ಟಿದ್ದಾಯಿತು. ಕಾಡಸಿದ್ದಪ್ಪ ಸೊಂಟದ ಚೀಲಕ್ಕೆ ಕೈ ಹಾಕಿದರೆ ಹಾಲಿನಂಥ ಬಿಳಿ ಅರಿವೆ ಬಂತು.

"ಕರೀ ಅರಿವಿ ಎಲ್ಲಿ?"

"ಅಂಥ ಹೊಲಸ ಚಿಂದಿ ಅವರ ಮುಂದ ತಗದರ ಮಾನ ಏನ ಉಳೀತದ? ಬಿಸಾಕಿ ಮಡಿ ಅರಿವಿ ಇಟ್ಟೇನ್ರಿ" ಎಂದಳು ಹೆಂಡತಿ ನೀಲಗಂಗವ್ವ.

ಕಿಡಿ ಬೀಳುತ್ತಿತ್ತು, ಅರಿವೆ ಹಿಡಿಯುತ್ತಿರಲಿಲ್ಲ. ಹೊತ್ತು ನೆತ್ತಿಗೆ ಬಂತು. ಗುರುಬಸಪ್ಪನವರು ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದರು.

"ನನ್ನ ಹೊಲದಾಗ ಅದು ಬ್ಯಾಡ್ರಿ!" ಎಂದು ಕಾಡಸಿದ್ದಪ್ಪ ಗುಡುಗಿದ.

ಗುರುಬಸಪ್ಪನವರು ರುಮಾಲು ಸರಿಮಾಡಿಕೊಂಡು ಎದ್ದರು. "ಇಷ್ಟು ಹಟದ ಮನಿ ಹೆಣ್ಣು ನಮಗ ಹೊಂದೂದಿಲ್ಲ. ಇಂದುಬಾಯಿ, ನಡಿ" ಎಂದು ಹೆಂಡತಿಗೆ ಹೇಳಿ ಗಾಡಿಯತ್ತ ಹೊರಟರು.

ಕಾಡಸಿದ್ದಪ್ಪ ತಾಯಿಯ ಪಕ್ಕ ನಿಂತಿದ್ದ ಮಗಳ ಮುಖ ನೋಡಿದ. ಅವಳ ಕಣ್ಣು ತುಂಬಿತ್ತು. ಅವನು ಚಕಮಕಿ ಕೆಳಗಿಟ್ಟ.

"ತಡೀರಿ... ಒಂದು ಕಡ್ಡಿ ಕೊಡ್ರಿ."

ಇಂದುಬಾಯಿ ಗಂಡನ ಕೈಯ ಪೆಟ್ಟಿಗೆಯನ್ನೇ ತಂದುಕೊಟ್ಟರು. ಅವನು ಕಡ್ಡಿಯನ್ನು ಅದಕ್ಕೆ, ಉಕ್ಕಿನಿಂದ ಕಲ್ಲಿಗೆ ಹೊಡೆದಂತೆ ಹೊಡೆದ. ಕಡ್ಡಿ ಮುರಿಯಿತು. ಎರಡನೆಯದೂ ಮುರಿಯಿತು. ಮೂರನೆಯದರ ತಲೆ ಹಾರಿ ಇಂದುಬಾಯಿಯ ಸೆರಗಿಗೆ ಬಿತ್ತು. ಪುಣ್ಯಾತ್ಮ ಜನ್ಮದಲ್ಲಿ ಕಡ್ಡಿ ಗೀರಿದವನೇ ಅಲ್ಲ!

ಗುರುಶಾಂತವ್ವ ಕಣ್ಣೊರೆಸಿಕೊಂಡು ಪೆಟ್ಟಿಗೆ ಇಸಿದುಕೊಂಡಳು. "ಗುದ್ದಬ್ಯಾಡ್ರಿ ಅಪ್ಪಾ, ಹಿಂಗ ಗೀರಬೇಕು." ಒಂದೇ ಗೀರಿಗೆ ಹತ್ತಿತು. ಗಾಳಿಗೆ ಅಂಗೈ ಮರೆಮಾಡಿ ಕುಳ್ಳಿಗೆ ಹಚ್ಚಿದಳು.

"ನಿನಗ ಇದನ್ನ ಯಾರು ಕಲಿಸಿದ್ರವ್ವಾ?"

ನೀಲಗಂಗವ್ವ ತೆನೆ ಹೊಂದಿಸುತ್ತ ಅಂದಳು: "ನೀವು ಸಂತಿಗಿ ಹೋಗಿ ನಾಕ್ನಾಕು ದಿನ ಬರದಿದ್ರ ನಾವು ಉಪಾಸ ಇರ್ತಿದ್ವೇನ್ರಿ?"

ಗಾಡಿ ಹತ್ತಲಿದ್ದ ಗುರುಬಸಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಿರುಗಿ ಬಂದು ಬೆಂಕಿಯ ಹತ್ತಿರ ಚಕ್ಕಳಮಕ್ಕಳ ಹಾಕಿ ಕೂತರು.

"ಹಟ ನಿಮಗೊಬ್ಬರಿಗೇ ಐತಿ, ಮನಿಗಿಲ್ಲ. ತೆನಿ ಕೊಡ್ರಿ, ಬೀಗರ."