ಕೆಮ್ಮಿನ ಕೂಸು

ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಆಕೆ ಮೂಳೆಯಮ್ಮ. ಉಗುರಿನಗಲದ, ಸ್ಪಂಜಿನಂಥ ತೂತುತೂತಿನ ಹಂದರದ ಮೇಲೆ ಜೀವಕೋಶಗಳನ್ನು ಬಿತ್ತಿ, ದಿನ ಬಿಟ್ಟು ದಿನ ಗುಲಾಬಿ ಬಣ್ಣದ ಪೋಷಕ ದ್ರವ ಬದಲಿಸಿ, ಜೀವಂತ ಮೂಳೆ ಬೆಳೆಸುವುದು ಹದಿನಾರು ವರ್ಷಗಳ ಕಸುಬು. ಭಾನುವಾರವೂ ಬಿಡುವಿಲ್ಲ.

"ನನಗೆ ತಂಗಳು, ನಿನ್ನ ಮೂಳೆಗೆ ಮೃಷ್ಟಾನ್ನ" ಎಂದು ಗಂಡ ಗೊಣಗಿದರೆ, "ಉಪ್ಪು ಕಮ್ಮಿ ಅಂತ ಅದು ಮುಖ ಊದಿಸ್ಕೊಳ್ಳಲ್ಲ ರೀ" ಎನ್ನುತ್ತಿದ್ದಳು.

ಈ ಸಾಮ್ರಾಜ್ಯದ ಚಕ್ರವರ್ತಿ ವಿಭಾಗದ ಮುಖ್ಯಸ್ಥರು. ಮೂಳೆಯ ಬಗ್ಗೆ ಅವರು ಬಿಗಿದ ಭಾಷಣಗಳನ್ನು ಜೋಡಿಸಿದರೆ ಆನೆಯ ಅಸ್ಥಿಪಂಜರವೇ ಎದ್ದು ನಿಂತೀತು. ಸ್ವತಃ ಬೆಳೆಸಿದ್ದು ಮಾತ್ರ ಹೊಟ್ಟೆಯೊಂದೇ. ಹೋದ ವರ್ಷ ಅತಿಥಿಗಳ ಮುಂದೆ ಬಟ್ಟಲಿನ ಮುಚ್ಚಳ ತೆಗೆದು, ನಲವತ್ತು ದಿನದ ಮೂಳೆಗೆ ಬರಿಬೆರಳು ಚುಚ್ಚಿ, ಎರಡೇ ದಿನದಲ್ಲಿ ಅದನ್ನು ಕೊಳೆಸಿದ ಮಹಾವೀರರು.

ಈ ಸಲದ್ದು ಅರವತ್ತು ದಿನ ಬದುಕಿತ್ತು. ಇನ್ನು ಹತ್ತು ದಿನ ಉಳಿದರೆ ಗಟ್ಟಿತನದ ಅಳತೆ. ಅದು ಸಿಕ್ಕರೆ ಹದಿನಾರು ವರ್ಷದ ದುಡಿಮೆ ಸಾರ್ಥಕ. ಅಷ್ಟರಲ್ಲಿ ಸಾಹೇಬರ ಅಪ್ಪಣೆಯಾಯಿತು.

"ನಾಳೆ ಅತಿಥಿಗಳು ಬರ್ತಾರೆ. ಮೂಳೆ ನನ್ನ ಮೇಜಿನ ಮೇಲಿರಲಿ."

"ಮುಚ್ಚಳ ತೆಗೆದ್ರೆ ಸೋಂಕು ತಗಲುತ್ತೆ ಸಾರ್."

"ಎರಡು ನಿಮಿಷಕ್ಕೆ ಏನಮ್ಮಾ ಆಗುತ್ತೆ? ಅದರ ಮೇಲೆ ಕೆಮ್ತೀನಾ ನಾನು?"

ಮೂಳೆಯಮ್ಮ ಒಳಗೆ ಹೋದವಳೇ ಮೂಳೆಯ ಬಟ್ಟಲಿಗೆ 'ಕೆಟ್ಟಿದೆ, ಎಸೆಯಬೇಕು' ಎಂಬ ಚೀಟಿ ಅಂಟಿಸಿ, ಬೆಚ್ಚಗಿನ ಇನ್‌ಕ್ಯುಬೇಟರಿನ ಕೆಳಗಿನ ಅರೆಯಲ್ಲಿಟ್ಟಳು. ಸೋತ ಪ್ರಯೋಗದ ಹತ್ತಿರ ಸಾಹೇಬರು ಜನ್ಮದಲ್ಲಿ ಸುಳಿದವರಲ್ಲ. ಒಂದೂ ಜೀವಕೋಶ ಬಿತ್ತದ ಬೋಳು ಹಂದರವೊಂದನ್ನು ಗುಲಾಬಿ ದ್ರವದಲ್ಲಿ ಮುಳುಗಿಸಿ ಮೇಜಿಗೆ ಕಳಿಸಿದಳು.

ಮರುದಿನ ಸಾಹೇಬರು ಮುಚ್ಚಳ ಹಾರಿಸಿ, "ನೋಡಿ, ಉಸಿರಾಡ್ತಿದೆ!" ಎಂದು ಗರ್ಜಿಸಿದರು. ಅತಿಥಿಗಳು ಅದರ ಉಸಿರನ್ನು ಕಂಡು ಪುಲಕಿತರಾದರು. ಗರ್ಜನೆಯ ರಭಸಕ್ಕೆ ಸಾಹೇಬರಿಗೆ ಕೆಮ್ಮು ಬಂತು, ಬಟ್ಟಲಿನೊಳಕ್ಕೇ ಬಂತು. ಅಭಿಮಾನದಿಂದ ಬಟ್ಟಲನ್ನು ತಮ್ಮ ಮೇಜಿನ ಮೇಲೆಯೇ ಉಳಿಸಿಕೊಂಡರು.

ನಾಲ್ಕನೇ ದಿನ ಕೂಗು. "ಮೂಳೆಯಮ್ಮಾ! ಬೆಳೀತಿದೆ! ಬೆಳ್ಳಗೆ, ರೇಷ್ಮೆ ಹಾಗೆ!"

ಆಕೆ ಇಣುಕಿದಳು. ಬಿಳಿ ನವಿರು, ಅಂಚಿನಲ್ಲಿ ಹಸಿರು. "ಸಾರ್, ಅದು..."

"ಸುಮ್ನಿರಮ್ಮ! ಹದಿನಾರು ವರ್ಷದಲ್ಲಿ ನಿನ್ನ ಕೈಲಿ ಹೀಗೆ ಬೆಳೆದಿದ್ದುಂಟಾ?"

"ದೇವರಾಣೆ ಇಲ್ಲ ಸಾರ್."

ಫೋಟೋ ಮೇಲಿನವರಿಗೆ ಹೋಯಿತು. ಆರು ದಿನದ ಮೇಲೆ ಮೇಲಿನವರಿಂದ ಒಂದೇ ಪದದ ಉತ್ತರ ಬಂತು: 'ಬೂಷ್ಟು.'

ಸಾಹೇಬರ ಗರ್ಜನೆ ಪಿಸುಮಾತಿಗಿಳಿಯಿತು. "ಏನಮ್ಮಾ... ಇಷ್ಟು ವರ್ಷ ದುಡಿದಿದ್ದೀಯ. ಇದನ್ನ ಬೆಳೆಸಿದವಳು ನೀನೇ ಅಂತ ಬರೆದುಬಿಡ್ಲಾ?"

"ಅಯ್ಯೋ, ಬೇಡಿ ಸಾರ್. ಅದು ನಿಮ್ಮ ಕೆಮ್ಮಿನ ಕೂಸು. ಹೆತ್ತವರ ಹತ್ರಾನೇ ಇರ್ಲಿ."

ಅಂದು ಎಪ್ಪತ್ತನೇ ದಿನ. ಮೂಳೆಯಮ್ಮ ಕೆಳಗಿನ ಅರೆಯಿಂದ ಬಟ್ಟಲನ್ನು ಎತ್ತಿಕೊಂಡು, 'ಕೆಟ್ಟಿದೆ' ಚೀಟಿಯನ್ನು ಕಿತ್ತು, ಅಳತೆಯ ಕೋಣೆಗೆ ನಡೆದಳು. ಹೋಗುವ ದಾರಿಯಲ್ಲಿ ಆ ಚೀಟಿಯನ್ನು ಸಾಹೇಬರ ಬಾಗಿಲಿಗೆ ಅಂಟಿಸುವುದನ್ನು ಮರೆಯಲಿಲ್ಲ.