ನೂರಕ್ಕೆ ನೂರು ಬಂದ ವೆಬ್‌ಸೈಟು

ಆಫೀಸಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಾರೆ. ವಯಸ್ಸು ಐವತ್ತೆರಡು, ವೆಬ್‌ಸೈಟು ಕಟ್ಟುವ ಕೆಲಸಕ್ಕೆ ಇಳಿದು ಇಪ್ಪತ್ತಾರು ವರ್ಷ. ಹೊಸದಾಗಿ ಸೇರಿದವರು ಮೊದಲ ವಾರವೇ ಅವಳ ಬಾಯಿಗೆ ಸಿಕ್ಕಿ ಹಣ್ಣಾಗಿಬಿಡುತ್ತಾರೆ. ಪಾಪ, ಅವರು ಬಣ್ಣ ಬಳಿದು, ಅಂಚು ತಿದ್ದಿ, ಮದುವಣಗಿತ್ತಿಯಂತೆ ಸಿಂಗರಿಸಿದ ಪುಟ ತಂದರೆ ಇವಳು ಅದರ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಎದ್ದು ಹೋಗಿ ಕಂಪ್ಯೂಟರಿನ ಪರದೆಗೆ ಒಂದು ದಪ್ಪ ಟವೆಲ್ ಹೊದಿಸುತ್ತಾಳೆ, ಮೌಸನ್ನು ಕಿತ್ತು ಡ್ರಾಯರಿಗೆ ಹಾಕುತ್ತಾಳೆ, ಆಮೇಲೆ "ಹ್ಞೂಂ, ಈಗ ತೋರಿಸು" ಎನ್ನುತ್ತಾಳೆ.

"ಇದೇನು ದೊಡ್ಡಕ್ಕ, ಕಣ್ಣಾಮುಚ್ಚಾಲೆ ಆಡಿಸ್ತಿದ್ದೀರಾ?" ಎಂದು ಹುಡುಗಿಯೊಬ್ಬಳು ನಗುತ್ತಾ ಕೇಳಿದ್ದಳು. ದೊಡ್ಡಕ್ಕ ನಗಲಿಲ್ಲ. "ಕಣ್ಣು ಕಾಣದವರೂ ಇದನ್ನ ತೆರೀತಾರೆ ಕಣೇ. ಅವರಿಗೇನು ಕೇಳುತ್ತೆ ಅಂತ ನೀನು ಒಂದ್ಸಲ ಕೇಳು" ಎಂದಷ್ಟೇ ಹೇಳಿದಳು. ಅವಳು ಕಟ್ಟುನಿಟ್ಟಿನ ಹೆಂಗಸು, ಕೆಲಸದಲ್ಲಿ ದೇವರಂಥವಳು ಎಂದು ಜನ ಹೊಗಳುತ್ತಾರೆ. ಹೊಗಳಿದಷ್ಟೂ ಅವಳ ಮುಖ ಗಂಟಿಕ್ಕುತ್ತದೆ. ಯಾಕೆಂದು ತಿಳಿಯಬೇಕಾದರೆ ಎಂಟು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಪ್ರತಿ ಗುರುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಆಪರೇಟರಣ್ಣ ಬರುತ್ತಿದ್ದ. ಹುಟ್ಟಿನಿಂದಲೇ ಅವನಿಗೆ ಕಣ್ಣು ಕಾಣದು. ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನು ಬೋರ್ಡಿನ ಮುಂದೆ ಮೂವತ್ತು ವರ್ಷ ಕೂತು, ಕರೆ ಮಾಡಿದವರನ್ನು ಬೇಕಾದವರಿಗೆ ಸೇರಿಸಿಕೊಡುತ್ತಿದ್ದ. ಆ ಕೆಲಸಕ್ಕೆ ಯಂತ್ರ ಬಂದಾಗ ಅವನನ್ನು ಮನೆಗೆ ಕಳಿಸಿದರು. ಅವನೇನು ಕೈಕಟ್ಟಿ ಕೂರುವ ಆಸಾಮಿಯೇ? ಐವತ್ತೇಳನೆಯ ವಯಸ್ಸಿನಲ್ಲಿ ಹಟ ಹಿಡಿದು ಕಂಪ್ಯೂಟರ್ ಕಲಿತ. ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಅವನು ಎಂಥ ವೇಗದಲ್ಲಿ ಓಡಿಸುತ್ತಿದ್ದನೆಂದರೆ, ಉಳಿದವರ ಕಿವಿಗೆ ಅದು ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಕೇಳುತ್ತಿತ್ತು. ಅವನಿಗೆ ಅದರಲ್ಲಿ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಕಂಪನಿ ಕಟ್ಟಿದ ಪುಟಗಳನ್ನು ಕಿವಿಯಿಂದ ಪರೀಕ್ಷಿಸಿ, ಎಲ್ಲಿ ಎಡವಿದೆನೆಂದು ಹೇಳುವುದು ಅವನ ಕೆಲಸ.

"ತಂಗೀ, ನಿನ್ನ ಪುಟದಲ್ಲಿ ಹನ್ನೊಂದು ಬಟನ್ ಇವೆ. ಹನ್ನೊಂದಕ್ಕೂ ಹೆಸರು 'ಬಟನ್'. ಹನ್ನೊಂದು ಮಕ್ಕಳನ್ನ ಹೆತ್ತು ಎಲ್ಲಕ್ಕೂ 'ಮಗು' ಅಂತ ಹೆಸರಿಟ್ಟ ಹಾಗಾಯ್ತಲ್ಲೇ! ಊಟಕ್ಕೆ ಕರೆದರೆ ಯಾವುದಮ್ಮ ಬರಬೇಕು?"

ಅವಳು ನಾಲಿಗೆ ಕಚ್ಚಿಕೊಂಡು ತಿದ್ದುತ್ತಿದ್ದಳು. ಅವನಿಂದ ಕಲಿತಷ್ಟನ್ನು ಅವಳು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಒಡಹುಟ್ಟಿದವರಿಲ್ಲದ ಅವಳಿಗೆ ಅಣ್ಣ ಎಂದು ಬಾಯಿತುಂಬ ಕರೆಯಲು ಸಿಕ್ಕವನೂ ಅವನೊಬ್ಬನೇ.

ಮಧ್ಯಾಹ್ನ ಚಹಾ ಕುಡಿಯುವಾಗ ಅವನ ಮಾತು ಸುತ್ತಿ ಬಳಸಿ ಒಂದು ಮನೆಯ ಹತ್ತಿರ ಬರುತ್ತಿತ್ತು. ಅವನೂ ಹೆಂಡತಿಯೂ ಇದ್ದದ್ದು ಮೂರನೆಯ ಮಹಡಿಯಲ್ಲಿ. ಐವತ್ತನಾಲ್ಕು ಮೆಟ್ಟಿಲು, ಲಿಫ್ಟಿಲ್ಲ. ಹೆಂಡತಿಗೂ ದೃಷ್ಟಿಯಿಲ್ಲ, ಜೊತೆಗೆ ಎರಡೂ ಮಂಡಿ ಸವೆದುಹೋಗಿದ್ದವು. ಆಸ್ಪತ್ರೆಗೆ ಹೋಗುವ ದಿನ ಬಿಟ್ಟರೆ ಅವಳು ಕೆಳಗಿಳಿದು ಒಂದೂವರೆ ವರ್ಷವಾಗಿತ್ತು. ಅಂಥವರಿಗೆಂದೇ ವಸತಿ ಕಚೇರಿ ನೆಲಮಹಡಿಯ ಮನೆಗಳನ್ನು ಕಾದಿರಿಸಿತ್ತು. ಅವನು ಅರ್ಜಿ ಹಾಕಿ ಏಳು ವರ್ಷ ಕಾದಿದ್ದ.

"ಸರದಿ ಹನ್ನೆರಡಕ್ಕೆ ಬಂತು ತಂಗೀ. ನಿನ್ನ ಅತ್ತಿಗೆಗೆ ಬಾಗಿಲು ತೆಗೆದರೆ ಅಂಗಳ ಸಿಗಬೇಕು ನೋಡು. ಕಾಲಿಗೆ ಮಣ್ಣು ತಾಗಿ ಎಷ್ಟು ದಿನ ಆಯ್ತು ಅಂತ ಲೆಕ್ಕ ಹಾಕ್ತಾ ಕೂತಿರ್ತಾಳೆ."

ಅಷ್ಟರಲ್ಲಿ ಅದೇ ವಸತಿ ಕಚೇರಿಯ ವೆಬ್‌ಸೈಟು ಕಟ್ಟುವ ಕೆಲಸ ಇವರ ಕಂಪನಿಗೇ ಸಿಕ್ಕಿತು. ಕಾಗದ ಕಳಿಸುವ ಪದ್ಧತಿ ನಿಲ್ಲಿಸಿ, ಇನ್ನು ಮುಂದೆ ಮನೆ ಹಂಚಿಕೆಯ ಪಟ್ಟಿಯನ್ನೂ ವೆಬ್‌ಸೈಟಿನಲ್ಲೇ ಹಾಕುತ್ತೇವೆ ಎಂದು ಕಚೇರಿ ಹೇಳಿತು. ಆಪರೇಟರಣ್ಣನಿಗೆ ಕುಣಿಯುವಷ್ಟು ಖುಷಿ. "ಇನ್ನು ಪಕ್ಕದ ಮನೆಯೋರ ಬಾಗಿಲು ತಟ್ಟಿ 'ಈ ಕಾಗದ ಓದ್ತೀರಾ' ಅಂತ ಹಲ್ಲು ಗಿಂಜೋದು ತಪ್ಪಿತು. ನಿನ್ನ ಕೈಲಿದೆ ಅಂದ್ರೆ ನಾನು ನಿಶ್ಚಿಂತೆ" ಎಂದ. ಆಮೇಲೆ ಬೆರಳೆತ್ತಿ ಒಂದು ಮಾತು ಹೇಳಿದ. "ಆದರೆ ಆ ಗುಮಾಸ್ತರನ್ನ ನಂಬಬೇಡ. ಚಿತ್ರ ಹಾಕಿದರೆ ಅದರಲ್ಲೇನಿದೆ ಅಂತ ಬರೆಯಲೇಬೇಕು. ಬರೆಯದಿದ್ದರೆ ಒಳಗೇ ಬಿಡಬೇಡ."

ಅವನ ಮಾತಿನಲ್ಲಿ ಹುರುಳಿತ್ತು. ಚಿತ್ರವನ್ನು ಆ ತಂತ್ರಾಂಶ ಓದಲಾರದು. ಚಿತ್ರದ ಬೆನ್ನಿಗೆ ಯಾರಾದರೂ ನಾಲ್ಕು ಸಾಲು ವಿವರ ಬರೆದಿದ್ದರೆ ಅದನ್ನು ಓದಿ ಹೇಳುತ್ತದೆ, ಅಷ್ಟೆ. ದೊಡ್ಡಕ್ಕ ಅವನು ಹೇಳಿದಂತೆಯೇ ಮಾಡಿದಳು. ವಿವರವಿಲ್ಲದ ಚಿತ್ರವನ್ನು ವೆಬ್‌ಸೈಟು ಸ್ವೀಕರಿಸುತ್ತಲೇ ಇರಲಿಲ್ಲ.

ಕಚೇರಿಯವರ ಅಭ್ಯಾಸವೋ, ಅವರಿಗೇ ಪ್ರೀತಿ! ಪಟ್ಟಿಯನ್ನು ಕಂಪ್ಯೂಟರಿನಲ್ಲೇ ಟೈಪು ಮಾಡುತ್ತಾರೆ. ಅದನ್ನು ಮುದ್ರಿಸಿ, ಸಾಹೇಬರ ಸಹಿ ಹಾಕಿಸಿ, ಮೊಹರು ಒತ್ತಿ, ಮತ್ತೆ ಅದರ ಫೋಟೋ ತೆಗೆದು ವೆಬ್‌ಸೈಟಿಗೆ ಏರಿಸುತ್ತಾರೆ. ಮೊಹರಿಲ್ಲದ ಅಕ್ಷರ ಅವರ ಪಾಲಿಗೆ ಅಕ್ಷರವೇ ಅಲ್ಲ. ಈಗ ಫೋಟೋದಲ್ಲಿರುವುದನ್ನೆಲ್ಲ ಇನ್ನೊಮ್ಮೆ ಬರೆಯಿರಿ ಎಂದರೆ ಅವರು ಸುಮ್ಮನಿರುತ್ತಾರೆಯೇ? ದಿನಕ್ಕೆ ಮೂರು ಸಲ ಫೋನು ಮಾಡಿ ಬೈದರು. ಮ್ಯಾನೇಜರು ದೊಡ್ಡಕ್ಕನ ಮೇಜಿಗೇ ಬಂದು ನಿಂತ. "ಮೇಡಂ, ಆ ಒಂದು ತಲೆನೋವು ತೆಗೆದುಬಿಡಿ. ಆದರೆ ಅಂಕ ಮಾತ್ರ ಕಮ್ಮಿ ಆಗಬಾರದು."

ಅಂಕವೆಂದರೆ, ಆ ತಿಂಗಳೇ ಕಂಪನಿ ಒಂದು ತಪಾಸಣೆಯ ಯಂತ್ರ ತಂದಿತ್ತು. ಅಂಗವಿಕಲರು ಬಳಸುವಂತಿದೆಯೋ ಇಲ್ಲವೋ ಎಂದು ಅದು ವೆಬ್‌ಸೈಟನ್ನು ಅರೆನಿಮಿಷದಲ್ಲಿ ಜಾಲಾಡಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಚಿತ್ರಕ್ಕೆ ವಿವರ ಇದೆಯೋ ಎಂದಷ್ಟೇ ಅದು ನೋಡುತ್ತದೆ. ವಿವರದಲ್ಲಿ ಏನು ಬರೆದಿದೆ ಎಂಬುದು ಅದಕ್ಕೆ ಬೇಡದ ಉಸಾಬರಿ. ದೊಡ್ಡಕ್ಕನಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದಳು. ಯಾರೂ ವಿವರ ಬರೆಯದಿದ್ದರೆ 'ಚಿತ್ರ' ಎಂಬ ಒಂದು ಪದ ತಾನಾಗಿಯೇ ಹೋಗಿ ಕೂರುವಂತೆ ಒಂದೇ ಒಂದು ಸಾಲು ಬರೆದಳು. ಗುಮಾಸ್ತರು ಸುಮ್ಮನಾದರು. ಯಂತ್ರ ನೂರಕ್ಕೆ ನೂರು ಕೊಟ್ಟಿತು. ಕಂಪನಿ ಕೇಕು ಕತ್ತರಿಸಿ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿತು.

ಆಮೇಲೆ ತಿದ್ದಿದರಾಯಿತು ಎಂದುಕೊಂಡಿದ್ದಳು. ಆ 'ಆಮೇಲೆ' ಬರಲೇ ಇಲ್ಲ.

ಯಂತ್ರ ಬಂದ ಮೇಲೆ ಗುರುವಾರದ ಆ ಮನುಷ್ಯ ಯಾಕೆ ಎಂದು ಮ್ಯಾನೇಜರು ಕೇಳಿದ. ಎರಡನೆಯ ಸಲ ಯಂತ್ರ ಬಂದು ಅವನ ಕುರ್ಚಿ ಕಸಿದುಕೊಳ್ಳುತ್ತಿತ್ತು. ಅದನ್ನು ಅವನಿಗೆ ಹೇಳುವ ಕರ್ಮ ದೊಡ್ಡಕ್ಕನ ತಲೆಗೇ ಬಂತು. ಎದುರಿಗೆ ಹೇಳುವ ಎದೆಗಾರಿಕೆ ಇರಲಿಲ್ಲ, ಮೇಲ್ ಬರೆದಳು. "ತಮ್ಮ ಸಹಕಾರಕ್ಕೆ ಧನ್ಯವಾದ. ಅಗತ್ಯ ಬಿದ್ದಾಗ ನಾವೇ ಸಂಪರ್ಕಿಸುತ್ತೇವೆ." ಆರು ವರ್ಷ ಅಣ್ಣ ಎಂದು ಕರೆದವನಿಗೆ 'ತಮ್ಮ' ಎಂದು ಬರೆದು, ಇನ್ನೊಮ್ಮೆ ಓದದೆ ಕಳಿಸಿದಳು. ಅವನಿಂದ ಒಂದೇ ಸಾಲಿನ ಉತ್ತರ ಬಂತು: "ಸರಿ ತಂಗೀ, ಒಳ್ಳೆಯದಾಗಲಿ."

ಐದು ತಿಂಗಳಾದ ಮೇಲೆ ಒಂದು ಸೋಮವಾರ, ಮೀಟಿಂಗಿನಲ್ಲಿ ಕೂತಿದ್ದಾಗ ಅವನ ಫೋನು ಬಂತು. ಕೆಲಸ ಕೇಳುವುದಕ್ಕೇ ಮಾಡಿದ್ದಾನೆ, ಇನ್ನೇನಿರುತ್ತದೆ? ಏನಂತ ಹೇಳಲಿ? ಫೋನನ್ನು ಮಗುಚಿಟ್ಟಳು. ಮಂಗಳವಾರ ಮತ್ತೆ ಬಂತು. ಬುಧವಾರ ಅವಳು ಊಟದ ಕೋಣೆಯಲ್ಲಿ ಒಬ್ಬಳೇ ಇದ್ದಳು. ಬಿಡುವಿಲ್ಲವೆಂದು ತನಗೆ ತಾನೇ ಹೇಳಿಕೊಳ್ಳಲೂ ದಾರಿಯಿರಲಿಲ್ಲ. ಡಬ್ಬಿಯ ಪಕ್ಕದಲ್ಲಿ ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಲ್ಲುವವರೆಗೂ ನೋಡುತ್ತಾ ಕೂತಿದ್ದಳು. ಗುರುವಾರ ಬರಲಿಲ್ಲ. ಸದ್ಯ, ಪಾರಾದೆ ಎನಿಸಿತು. ಹೌದು, ನಾಚಿಕೆಗೇಡಿನ ಮಾತಾದರೂ ಹೇಳಲೇಬೇಕು, ಅವಳಿಗೆ ಆವತ್ತು ನಿರಾಳವೇ ಆಗಿತ್ತು.

ತಿಂಗಳೊಳಗೆ ವಸತಿ ಕಚೇರಿಯಿಂದ ಒಂದು ದೂರಿನ ಪ್ರತಿ ಬಂತು. ಹಂಚಿಕೆಯ ಪಟ್ಟಿ ತನಗೆ ಓದಲು ಆಗಲಿಲ್ಲವೆಂದು ಅರ್ಜಿದಾರರೊಬ್ಬರು ದೂರಿದ್ದಾರೆ. ನಿಮ್ಮ ವೆಬ್‌ಸೈಟಿಗೆ ನೂರಕ್ಕೆ ನೂರು ಬಂದಿದೆಯಷ್ಟೆ, ವಿವರಣೆ ಕೊಡಿ ಎಂದಿತ್ತು. ಅರ್ಜಿದಾರರ ಉದ್ಯೋಗ, ನಿವೃತ್ತ ಟೆಲಿಫೋನ್ ಆಪರೇಟರ್. ವಿಳಾಸ, ಮೂರನೆಯ ಮಹಡಿ.

ಅವಳು ಕುತ್ತಿಗೆಯಲ್ಲಿದ್ದ ಶಾಲನ್ನು ತೆಗೆದು ಪರದೆಗೆ ಹೊದಿಸಿ, ಓದುವ ತಂತ್ರಾಂಶ ಹಚ್ಚಿ, ತಾನೇ ಕಟ್ಟಿದ ಪುಟವನ್ನು ಮೊದಲ ಬಾರಿಗೆ ಕಿವಿಯಿಂದ ತೆರೆದಳು. "ಹೊಸ ಪ್ರಕಟಣೆಗಳು" ಎಂದಿತು. ಆಮೇಲೆ "ಚಿತ್ರ" ಎಂದಿತು. ಮತ್ತೆ "ಚಿತ್ರ." ಮತ್ತೆ "ಚಿತ್ರ." ಶಾಲು ಸರಿಸಿ ನೋಡಿದರೆ, ಮೊದಲ ಮೂರೂ ಸಾಹೇಬರು ಯಾವುದೋ ಕಟ್ಟಡಕ್ಕೆ ಟೇಪು ಕತ್ತರಿಸುತ್ತಿದ್ದ ಫೋಟೋಗಳು. ನಾಲ್ಕನೆಯದು ಮೊಹರೊತ್ತಿದ ಪಟ್ಟಿ. ಅದರಲ್ಲಿ ಅವನ ಹೆಸರಿತ್ತು. ನೆಲಮಹಡಿ, ಎರಡನೆಯ ಮನೆ, ಹದಿನೈದು ದಿನದೊಳಗೆ ಒಪ್ಪಿಗೆ ತಿಳಿಸಬೇಕು. ತಾರೀಕು ಲೆಕ್ಕ ಹಾಕಿದಳು. ಅವನು ಫೋನು ಮಾಡಿದ ಆ ಸೋಮವಾರಕ್ಕೆ ಪಟ್ಟಿ ಹಾಕಿ ಆರು ದಿನವಾಗಿತ್ತು, ಬುಧವಾರಕ್ಕೆ ಎಂಟು. ಇನ್ನೂ ಪೂರ್ತಿ ಒಂದು ವಾರ ಉಳಿದಿತ್ತು.

"ವೆಬ್‌ಸೈಟಿಗೆ ನೂರು ಅಂಕ ಇದೆ, ತಪ್ಪು ನಮ್ಮದಲ್ಲ ಅಂತ ಬರೆದು ಕೈತೊಳ್ಕೊಳ್ಳಿ" ಎಂದ ಮ್ಯಾನೇಜರು. ಅವಳು ಬರೆಯಲಿಲ್ಲ. ತಪ್ಪು ತನ್ನದೇ, ಆ ಸಾಲು ಬರೆದವಳು ತಾನೇ ಎಂದು ಬರೆದು, ಸಹಿ ಹಾಕಿ, ಕೆಲಸ ಹೋದರೆ ಹೋಗಲಿ ಎಂದು ಕಾಗದ ಹಿಡಿದು ಕಚೇರಿಗೆ ಖುದ್ದಾಗಿ ಹೋದಳು. ಸಾಹೇಬರು ಎರಡು ಸಲ ಓದಿದರು. ಒಳ್ಳೆಯ ಮನುಷ್ಯರೇ, ಬೇಸರದಿಂದಲೇ ಮಾತಾಡಿದರು.

"ಮೇಡಂ, ಹದಿನಾರನೇ ದಿನ ಆ ಮನೆ ಮುಂದಿನವರಿಗೆ ಹೋಯ್ತು. ವೀಲ್‌ಚೇರಿನಲ್ಲಿರೋ ಒಂದು ಹೆಣ್ಣುಮಗು ಅವರದು. ಸಾಮಾನು ಇಟ್ಕೊಂಡು ಒಲೆ ಹಚ್ಚಿದಾರೆ. ಈಗ ಅವರನ್ನ ಎಬ್ಬಿಸಲಾ, ನೀವೇ ಹೇಳಿ?"

ಉತ್ತರ ಕೊಡದವರ ಹೆಸರು ಪಟ್ಟಿಯ ಕೊನೆಗೆ ಹೋಗುವುದು ನಿಯಮವಂತೆ. ಪತ್ರವನ್ನು ಫೈಲಿಗೆ ಸೇರಿಸುತ್ತೇನೆ, ನೋಡೋಣ ಎಂದರು. ಅವಳ ಕೆಲಸಕ್ಕೂ ಏನೂ ಆಗಲಿಲ್ಲ. ಒಂದು ಎಚ್ಚರಿಕೆಯ ಕಾಗದ ಬಂತು, ಗೋಡೆಯ ಕಟ್ಟು ಇಳಿಯಿತು, ಅಷ್ಟೇ. ದಂಡನೆಯಾದರೂ ಆಗಿದ್ದರೆ ಒಂದಿಷ್ಟು ಹಗುರಾಗುತ್ತಿದ್ದಳೋ ಏನೋ.

ಆ ಭಾನುವಾರ ಮಧ್ಯಾಹ್ನ ಅವನ ಮನೆಗೆ ಹೋದಳು. ಎರಡನೆಯ ಮಹಡಿಗೇ ಏದುಸಿರು ಬಂತು. ಬಾಗಿಲು ತಟ್ಟಿ "ಅಣ್ಣಾ" ಎಂದಿದ್ದೇ ತಡ, ಒಳಗಿಂದ "ತಂಗಿ ಬಂದ್ಲು ಕಣೇ! ಇರು, ಕುರ್ಚಿ ಮೇಲಿನ ಬಟ್ಟೆ ತೆಗೀತೀನಿ" ಎಂದ. ಹೆಂಡತಿ ಕಿಟಕಿಯ ಪಕ್ಕದ ಮಂಚದಲ್ಲಿ ಕಾಲು ಚಾಚಿ ಕೂತಿದ್ದಳು. ಮಂಡಿಗಳಿಗೆ ಬಟ್ಟೆ ಸುತ್ತಿತ್ತು.

ದೊಡ್ಡಕ್ಕ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು. ಗುಮಾಸ್ತರು ಬೈದದ್ದು, ಯಂತ್ರ ತಂದದ್ದು, ತಾನು ಆ ಸಾಲು ಬರೆದದ್ದು. "ನೀನು ಬೇಡ ಅಂದಿದ್ದನ್ನೇ ಮಾಡಿದೆ ಅಣ್ಣ. ನಿನ್ನ ಮನೆ ಕಳೆದಿದ್ದು ನಾನೇ" ಎಂದಳು.

ಮೊದಲು ಮಾತಾಡಿದ್ದು ಹೆಂಡತಿ. "ದಿನಾ ಬೆಳಿಗ್ಗೆ 'ಚಿತ್ರ' ಅಂತಿತ್ತಮ್ಮ ಅದು. ಇವರಿಗೆ ಅನುಮಾನ ಬಂತು. ಕಚೇರಿಗೆ ಫೋನ್ ಮಾಡಿದ್ರೆ ಎಲ್ಲಾ ವೆಬ್‌ಸೈಟಲ್ಲಿದೆ ನೋಡ್ಕೊಳ್ಳಿ ಅಂದ್ರು. ಪಕ್ಕದ ಮನೆಯೋರು ಊರಿಂದ ಬಂದು ಓದಿ ಹೇಳೋ ಹೊತ್ತಿಗೆ ಮೂರು ದಿನ ಮೀರಿಹೋಗಿತ್ತು."

"ನಿಂಗೂ ಮಾಡಿದ್ದೆ ತಂಗೀ, ಮೂರು ದಿನ" ಎಂದ ಆಪರೇಟರಣ್ಣ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. "ಕೆಲಸ ಕೇಳೋಕಲ್ಲ, ಆ ಚಿತ್ರದಲ್ಲೇನಿದೆ ಅಂತ ಒಂಚೂರು ನೋಡಿ ಹೇಳ್ಲಿ ಅಂತ. ಊರಲ್ಲಿರಲಿಲ್ವೇನಮ್ಮ?"

ಅಷ್ಟು ದೊಡ್ಡ ತಪ್ಪನ್ನು ಒಪ್ಪಿಕೊಂಡವಳಿಗೆ ಈ ಒಂದು ಮಾತು ಕಷ್ಟವಾಗಬಾರದಿತ್ತು. ಫೋನು ಕೈಯಲ್ಲೇ ಇತ್ತು ಅಣ್ಣ, ನಿನ್ನ ಹೆಸರು ನೋಡಿಯೇ ಎತ್ತಲಿಲ್ಲ ಎಂದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂತು.

"ಇರಲಿಲ್ಲ ಅಣ್ಣ" ಎಂದಳು.

ಮೂವತ್ತು ವರ್ಷ ಬರೀ ದನಿ ಕೇಳಿ ಮನುಷ್ಯರನ್ನು ಅಳೆದವನು ಅವನು. ಮುಖವನ್ನು ಅವಳ ಕಡೆಗೆ ಸ್ವಲ್ಪ ತಿರುಗಿಸಿ, ಇನ್ನೇನಾದರೂ ಹೇಳುತ್ತಾಳೋ ಎಂದು ಕಾದ. ಅವಳು ಹೇಳಲಿಲ್ಲ.

"ಹಾಗಾದ್ರೆ ಸರಿ ಬಿಡಿ. ನೀವು ಕೂತ್ಕೊಳ್ಳಿ, ಚಹಾ ಮಾಡ್ತೀನಿ" ಎಂದು ಒಳಗೆ ಹೋದ. ಅವನು ತನ್ನನ್ನು ನೀವು ಎಂದದ್ದು ಅದೇ ಮೊದಲೆಂದು ಅವಳಿಗೆ ಹೊಳೆಯುವಷ್ಟರಲ್ಲಿ ಅಡುಗೆಮನೆಯಲ್ಲಿ ನೀರಿನ ಸದ್ದು ಕೇಳುತ್ತಿತ್ತು.